ಆನೆಗೊಂದಿಯ ಚಳಿಯೂ ಹಳೆಯ ಲಾರಿಯೂ

ತುಂಗಭದ್ರೆಯ ಎಡದಂಡೆಯಲ್ಲಿ, ಗಂಗಾವತಿ ಪಟ್ಟಣದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಒಂದರ ಮೇಲೊಂದು ಒರಗಿ ನಿಂತ ಹೆಬ್ಬಂಡೆಗಳ ನಡುವೆ ಆನೆಗೊಂದಿ ಎಂಬ ಪುರಾತನ ಗ್ರಾಮವಿದೆ. ಆಚೆಯ ದಡದಲ್ಲಿ ಹಂಪೆಯ ವಿರೂಪಾಕ್ಷನ ಸನ್ನಿಧಿ. ಈಚೆಯ ದಡದಲ್ಲಿ, 1336ರಲ್ಲಿ ವಿಜಯನಗರವು ತಲೆಯೆತ್ತುವುದಕ್ಕೂ ಮುಂಚೆಯೇ ಕೋಟೆಕೊತ್ತಲಗಳಿಂದ ಮೆರೆದ ಈ ಊರು. ರಂಗನಾಥಸ್ವಾಮಿಯ ಗುಡಿ, ಗಗನ ಮಹಲು, ಕರಿಗಲ್ಲಿನ ನಯವಾದ ಕಂಬಗಳುಳ್ಳ ಹುಚ್ಚಪ್ಪಯ್ಯನ ಮಠ, ಹೊಳೆಯ ಅಂಚಿನ ಅರವತ್ತನಾಲ್ಕು ಕಂಬಗಳ ಮಂಟಪ, ನಡುಗಡ್ಡೆಯ ನವವೃಂದಾವನ, ಸಮೀಪದ ಪಂಪಾಸರೋವರ, 575 ಮೆಟ್ಟಿಲುಗಳ ಅಂಜನಾದ್ರಿ, ಇವೆಲ್ಲವನ್ನೂ ನೋಡಲು ಯಾತ್ರಿಕರು ವರ್ಷವಿಡೀ ಬರುತ್ತಾರೆ. ಇವುಗಳ ವರ್ಣನೆಯನ್ನು ವಾಚಕರು ಬೇರೆ ಬೇರೆ ಗ್ರಂಥಗಳಲ್ಲಿ ಓದಿರುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಯಾತ್ರಿಕರ ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಸಂಗತಿಯನ್ನು. ಅದು ಈ ಊರಿನ ಚಳಿಗಾಲದ ಬೆಳಗು ಮತ್ತು ಆ ಬೆಳಗಿನಲ್ಲಿ ಎಚ್ಚರಗೊಳ್ಳಲು ತಡಮಾಡುವ ಹಳೆಯ ಲಾರಿಗಳ ವಿಚಾರ.

ಮಠದಲ್ಲಿ ಶಾಸ್ತ್ರಾಭ್ಯಾಸ ಮಾಡಿದವರಿಗೆ ಲಾರಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಶರಣರು ಯಾವ ಕಾಯಕವನ್ನೂ ಕೀಳೆಂದು ಎಣಿಸಲಿಲ್ಲ. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದವರು, ನುಲಿಯ ಚಂದಯ್ಯನವರು ಹಗ್ಗ ಹೊಸೆದವರು. ಇಂದು ನಮ್ಮ ಮನೆಯ ಅಡಿಗೆಗೆ ಅಕ್ಕಿಯನ್ನು ತಂದು ಮುಟ್ಟಿಸುವವನು ಲಾರಿಯ ಚಾಲಕನು. ಅವನ ಕೆಲಸದ ಕಷ್ಟವೇನು, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ತಿಳಿಯುವುದು ಉಣ್ಣುವವರ ಕರ್ತವ್ಯವೇ ಆಗಿದೆ.

ನೀರಿನ ನಾಡು, ಭತ್ತದ ನಾಡು

ಗಂಗಾವತಿಯಿಂದ ಆನೆಗೊಂದಿಗೆ ಬರುವ ದಾರಿಯ ಇಕ್ಕೆಲಗಳಲ್ಲಿ ಭತ್ತದ ಗದ್ದೆ, ಬಾಳೆಯ ತೋಟ. ಈ ಹಸಿರಿಗೆ ಎರಡು ಕಾಲದ ನೀರು ಕಾರಣ. ವಿಜಯನಗರದ ಅರಸರ ಕಾಲದಲ್ಲಿ ಹೊಳೆಗೆ ಅಣೆಗಳನ್ನು ಕಟ್ಟಿ ತೆಗೆದ ಕಾಲುವೆಗಳು ಆನೆಗೊಂದಿ, ಹುಲಗಿ, ಶಿವಪುರ, ಗಂಗಾವತಿಗಳ ಹೆಸರಿನಲ್ಲಿ ಇಂದಿಗೂ ಹರಿಯುತ್ತಿವೆ. 1565ರಲ್ಲಿ ರಾಜಧಾನಿಯು ಹಾಳಾಯಿತು. ಕಾಲುವೆಗಳು ಮಾತ್ರ ರೈತನ ಕೈಬಿಡಲಿಲ್ಲ. ಆಮೇಲೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು, ಎಡದಂಡೆಯ ಕಾಲುವೆಯು ಗಂಗಾವತಿ, ಕಾರಟಗಿ, ಸಿಂಧನೂರುಗಳ ಒಣಭೂಮಿಯನ್ನು ಗದ್ದೆಯಾಗಿ ಮಾರ್ಪಡಿಸಿತು. ಈ ಸೀಮೆಗೆ ಭತ್ತದ ಕಣಜವೆಂಬ ಹೆಸರು ಬಂದುದು ಹೀಗೆ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ಮೇಲೂ ಗಂಗಾವತಿಯ ಸೋನಾಮಸೂರಿ ಅಕ್ಕಿಯ ಕೀರ್ತಿ ತಗ್ಗಿಲ್ಲ.

ಮುಂಗಾರಿನ ಭತ್ತವು ಕೊಯ್ಲಿಗೆ ಬರುವುದು ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ. ಅಲ್ಲಿಂದ ಪುಷ್ಯದವರೆಗೆ ಕಣಗಳಲ್ಲಿ ರಾಶಿ, ರಸ್ತೆಯಲ್ಲಿ ಚೀಲ ಹೊತ್ತ ಬಂಡಿ, ಟ್ರ್ಯಾಕ್ಟರು, ಲಾರಿಗಳ ಸಾಲು. ರಾಶಿಯಾದ ಭತ್ತವು ಇಬ್ಬನಿಯಲ್ಲಿ ನೆನೆಯುವಂತಿಲ್ಲ; ತೇವ ಹೆಚ್ಚಾದರೆ ಬೆಲೆ ತಗ್ಗುತ್ತದೆ, ಬಹಳ ದಿನ ಬಿಟ್ಟರೆ ಕಾಳು ಕಪ್ಪಾಗುತ್ತದೆ. ಹಮಾಲರು ಬೆಳಗಿನ ಜಾವಕ್ಕೇ ಬಂದು ನಿಂತಿರುತ್ತಾರೆ. ಗಿರಣಿಯ ಮುಂದೆ ತೂಕಕ್ಕೆ ಸಾಲು ಹಚ್ಚಬೇಕು. ಹೀಗಿರುವಾಗ ಲಾರಿಯೊಂದು ಬೆಳಿಗ್ಗೆ ಐದು ಗಂಟೆಗೆ ಏಳದೆ ಒಂಬತ್ತು ಗಂಟೆಗೆ ಎದ್ದರೆ, ಆ ನಾಲ್ಕು ತಾಸುಗಳ ನಷ್ಟವು ರೈತನ ಮೇಲೂ ಹಮಾಲನ ಕೂಲಿಯ ಮೇಲೂ ಬೀಳುತ್ತದೆ.

ಹೊಳೆ ದಾಟುವ ದಾರಿಯೂ ಲಾರಿಗೆ ಸುಲಭವಾಗಿರಲಿಲ್ಲ. ಹಿಂದಿನ ಕಾಲದ ಸೇತುವೆಯ ಕಲ್ಲುಕಂಬಗಳು ನೀರಿನಲ್ಲಿ ಇಂದಿಗೂ ನಿಂತಿವೆ. ಹೊಸದಾಗಿ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವಹಾನಿಯಾಯಿತು. ಮನುಷ್ಯರು ಹರಿಗೋಲಿನಲ್ಲಿ ಕೆಲವೇ ನಿಮಿಷಗಳಲ್ಲಿ ದಾಟುವ ಹೊಳೆಯನ್ನು ಸರಕು ಹೊತ್ತ ವಾಹನಗಳು ಬಹುದೂರ ಬಳಸಿ ದಾಟುತ್ತಿದ್ದವು. ಈಗ ಕಡೆಬಾಗಿಲು ಮತ್ತು ಬುಕ್ಕಸಾಗರಗಳ ನಡುವಿನ ಸೇತುವೆಯಿಂದ ಆ ಬಳಸು ತಗ್ಗಿದೆ. ಆದರೂ ಹೊರಡಬೇಕಾದ ಹೊತ್ತಿಗೆ ಹೊರಡದಿದ್ದರೆ ಯಾವ ಸೇತುವೆಯಿಂದ ಏನು ಪ್ರಯೋಜನ?

ಇಲ್ಲಿಯ ಚಳಿ ಎಂಥದು?

ಉತ್ತರ ಭಾರತದವರು ಆನೆಗೊಂದಿಯ ಚಳಿಯ ಮಾತು ಕೇಳಿದರೆ ನಗುತ್ತಾರೇನೋ. ಬೇಸಿಗೆಯಲ್ಲಿ ಬಂಡೆಗಳು ಕಾದ ಹಂಚಿನಂತಾಗಿ 40 ಡಿಗ್ರಿ ಮೀರುವ ನಾಡಿದು. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಮಾತ್ರ ರಾತ್ರಿಯ ಉಷ್ಣತೆ 15 ಡಿಗ್ರಿಯ ಹತ್ತಿರಕ್ಕೆ, ಕೆಲವು ರಾತ್ರಿ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ನೀರು ನಿಂತ ಗದ್ದೆ, ಪಕ್ಕದಲ್ಲಿ ಹೊಳೆ, ಸುತ್ತ ಗುಡ್ಡ. ತಂಪಾದ ಗಾಳಿ ಭಾರವಾದುದರಿಂದ ರಾತ್ರಿಯಲ್ಲಿ ಗುಡ್ಡದಿಂದ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಹೊಳೆಯ ಮೇಲೆ ಮಂಜು ಕವಿದು ಆಚೆ ದಡದ ಗೋಪುರಗಳು ಕಾಣಿಸುವುದಿಲ್ಲ. ಲಾರಿಯ ಗಾಜಿನ ಮೇಲೆ, ಮುಂಭಾಗದ ತಗಡಿನ ಮೇಲೆ, ತಾಡಪತ್ರಿಯ ಮೇಲೆ ಇಬ್ಬನಿ ಹನಿಹನಿಯಾಗಿ ನಿಂತಿರುತ್ತದೆ.

ಇಷ್ಟು ಚಳಿಗೆ ಡೀಸೆಲ್ ಹೆಪ್ಪುಗಟ್ಟುತ್ತದೆಯೆ? ಅನೇಕರು ಹಾಗೆ ಭಾವಿಸಿದ್ದಾರೆ. ಅದು ಸರಿಯಲ್ಲ. ಡೀಸೆಲ್‌ನಲ್ಲಿ ಮೇಣದ ಅಂಶವಿರುವುದು ನಿಜ. ಕೊರೆಯುವ ಚಳಿಯಲ್ಲಿ ಅದು ಗಟ್ಟಿಯಾಗಿ ಫಿಲ್ಟರನ್ನು ಮುಚ್ಚಿಬಿಡುವುದೂ ನಿಜ. ಆದರೆ ಆ ಸ್ಥಿತಿ ಬರುವುದು ಲಡಾಖಿನಂಥ ಹಿಮಪ್ರದೇಶಗಳಲ್ಲಿ. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ವಿಶೇಷ ಡೀಸೆಲನ್ನು 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಆನೆಗೊಂದಿಯಲ್ಲಿ ಡೀಸೆಲ್ ನೀರಿನಂತೆಯೇ ಹರಿಯುತ್ತದೆ. ಹಾಗಾದರೆ ಮಧ್ಯಾಹ್ನ ಒಂದೇ ಸಲಕ್ಕೆ ಏಳುವ ಲಾರಿಯು ಮುಂಜಾವಿನಲ್ಲಿ ಏಕೆ ಮುಷ್ಕರ ಹೂಡುತ್ತದೆ? ಇದನ್ನು ತಿಳಿಯಲು ಆ ಯಂತ್ರದ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಕಿಡಿಯಿಲ್ಲದ ಬೆಂಕಿ

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಯಂತ್ರಶಿಲ್ಪಿಯು ತನ್ನ ಹೆಸರಿನ ಯಂತ್ರವನ್ನು 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು. ಪೆಟ್ರೋಲ್ ಯಂತ್ರದಲ್ಲಿ ವಿದ್ಯುತ್ತಿನ ಕಿಡಿಯು ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಹದಿನಾರು ಹದಿನೇಳು ಪಾಲಿನಲ್ಲಿ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಬಾಲಕರೂ ಬಲ್ಲರು. ಅದೇ ತತ್ತ್ವದಿಂದ ಇಲ್ಲಿ ಗಾಳಿಯು 500 ಡಿಗ್ರಿಯಷ್ಟು ಕಾಯುತ್ತದೆ. ಆ ಕಾದ ಗಾಳಿಗೆ ನಾಝಲಿನ ಮೂಲಕ ಸೂಕ್ಷ್ಮ ತುಂತುರಾಗಿ ಬಿದ್ದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಳಗಿನ ಒತ್ತಡದಿಂದಲೇ ಬೆಂಕಿ ಹುಟ್ಟಬೇಕು. ಹೊರಗಿನಿಂದ ಯಾರೂ ಹಚ್ಚುವುದಿಲ್ಲ.

ಹೊರಗಿನ ಗಾಳಿ 10 ಡಿಗ್ರಿ ತಣ್ಣಗಿದ್ದರೆ, ಅದುಮಿದ ಮೇಲೆ ಅದರ ಕಾವು ಇಪ್ಪತ್ತು ಡಿಗ್ರಿಗೂ ಮಿಕ್ಕಿ ತಗ್ಗುತ್ತದೆ. ಇದರ ಜೊತೆಗೆ ತಣ್ಣಗಿನ ಕಬ್ಬಿಣವು ಆ ಕಾವನ್ನು ಹೀರುತ್ತದೆ. ಹೊಸ ಯಂತ್ರವು ಇದನ್ನು ಲೆಕ್ಕಕ್ಕೆ ಇಡುವುದಿಲ್ಲ. ಹಳೆಯ ಯಂತ್ರದ ಗತಿ ಬೇರೆ. ಪಿಸ್ಟನ್ನಿನ ಉಂಗುರಗಳು ಸವೆದಿರುತ್ತವೆ. ಅದುಮಿದ ಗಾಳಿ ಸಂದಿನಲ್ಲಿ ಸೋರಿಹೋಗುತ್ತದೆ. ನಾಝಲ್ ಹಳೆಯದಾಗಿ ತುಂತುರಿನ ಬದಲು ಹನಿ ಉದುರಿಸುತ್ತದೆ. ಎಣ್ಣೆಯು ಚಳಿಗೆ ಮಂದವಾಗಿ ಯಂತ್ರವನ್ನು ತಿರುಗಗೊಡದೆ ಹಿಡಿಯುತ್ತದೆ. ಇದೇ ಹೊತ್ತಿಗೆ ಬ್ಯಾಟರಿಯ ಕಸುವೂ ಚಳಿಗೆ ತಗ್ಗಿರುತ್ತದೆ. ಅದರೊಳಗಿನ ರಾಸಾಯನಿಕ ಕ್ರಿಯೆ ತಂಪಿನಲ್ಲಿ ನಿಧಾನವಾಗುವುದೇ ಕಾರಣ. ಯಂತ್ರವು ಮೆಲ್ಲಗೆ ತಿರುಗಿದಷ್ಟೂ ಗಾಳಿ ಸೋರಲು ಸಮಯ ಹೆಚ್ಚು, ಕಾವು ಕಡಿಮೆ. ಹೀಗೆ ಒಂದೊಂದೂ ಅಲ್ಪವಾದ ನಾಲ್ಕು ದೋಷಗಳು ಒಟ್ಟಿಗೆ ಸೇರಿ ಮುಂಜಾವಿನಲ್ಲಿ ಲಾರಿಯನ್ನು ಮಲಗಿಸುತ್ತವೆ. ಆಗ ಹೊಗೆಕೊಳವೆಯಿಂದ ಬರುವ ಬಿಳಿಯ ಹೊಗೆಯು ಉರಿಯದೆ ಆವಿಯಾಗಿ ಹೊರಬಿದ್ದ ಡೀಸೆಲ್ಲೇ ಆಗಿರುತ್ತದೆ.

ಈ ಸೀಮೆಯ ಹಳೆಯ ಲಾರಿಗಳು ಬಹುಪಾಲು ಟಾಟಾ ಮತ್ತು ಅಶೋಕ್ ಲೇಲ್ಯಾಂಡ್ ಸಂಸ್ಥೆಗಳವು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಸಂಸ್ಥೆಯೊಡನೆ ಕೂಡಿ ಲಾರಿ ಕಟ್ಟಲಾರಂಭಿಸಿದರು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಮದರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಕಾರ್ಖಾನೆಯಿಂದ ಬರುತ್ತಿದ್ದುದು ಚಾಸಿಯೂ ಯಂತ್ರವೂ ಮಾತ್ರ. ಕಟ್ಟಿಗೆಯ ಕ್ಯಾಬಿನ್ನನ್ನು ನಮ್ಮ ಊರುಗಳ ಬಡಗಿಗಳೇ ಕಟ್ಟಿ, ಬಣ್ಣ ಬಳಿದು, ನೆತ್ತಿಯ ಮೇಲೆ ಮನೆದೇವರ ಹೆಸರು ಬರೆಸುತ್ತಿದ್ದರು. ಅಂಥ ಲಾರಿಗಳು ಈಗ ದೂರದ ಓಡಾಟದಿಂದ ನಿವೃತ್ತವಾಗಿ, ಕಣದಿಂದ ಗಿರಣಿಗೆ, ಗಿರಣಿಯಿಂದ ಗೋದಾಮಿಗೆ ಎಂಬಷ್ಟು ಮಾತ್ರ ತಿರುಗುತ್ತವೆ. ಪ್ರತಿವರ್ಷವೂ ಅರ್ಹತೆಯ ಪರೀಕ್ಷೆಗೆ ನಿಂತು ಎಫ್.ಸಿ. ಪಡೆಯಬೇಕು. ಹೊಸ ಲಾರಿ ಕೊಳ್ಳುವ ಶಕ್ತಿಯಿಲ್ಲದ ಮನೆತನಗಳಿಗೆ ಇವೇ ಅನ್ನದ ದಾರಿ.

ಪುಷ್ಯಮಾಸದ ಒಂದು ಮುಂಜಾವು

ಕೊಪ್ಪಳದ ಗವಿಮಠದ ಶ್ರೀ ಗವಿಸಿದ್ಧೇಶ್ವರರ ಮಹಾರಥೋತ್ಸವವು ಪುಷ್ಯ ಬಹುಳ ಬಿದಿಗೆಯಂದು ಜರುಗುವುದನ್ನು ಭಕ್ತರೆಲ್ಲರೂ ಬಲ್ಲರು. ಅಲ್ಲಿಯ ದಾಸೋಹಕ್ಕೆ ಸುತ್ತಲಿನ ಊರುಗಳಿಂದ ರೊಟ್ಟಿ, ದವಸ, ಕಾಯಿಪಲ್ಲೆ, ಕಟ್ಟಿಗೆಗಳು ಬಂಡಿ, ಟ್ರ್ಯಾಕ್ಟರು, ಲಾರಿಗಳಲ್ಲಿ ಹರಿದುಬರುತ್ತವೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಮುಂಜಾವಿನಲ್ಲಿ ನಾವು ಆನೆಗೊಂದಿಯ ಸಮೀಪದ ಒಬ್ಬ ಭಕ್ತರ ಮನೆಯಲ್ಲಿದ್ದೆವು. ಓಣಿಯ ತಾಯಂದಿರು ಮೂರು ದಿನ ತಟ್ಟಿದ ಜೋಳದ ರೊಟ್ಟಿಯ ಗಂಟುಗಳೂ, ಹೊಸ ಭತ್ತದ ಅಕ್ಕಿಯ ಚೀಲಗಳೂ ಹಳೆಯ ಟಾಟಾ ಲಾರಿಯೊಂದರಲ್ಲಿ ಏರಿದ್ದವು. ಚೀಲಗಳು ಜರುಗದಂತೆ ಕೆಳಗೂ ಸಂದಿಗೂ ಭತ್ತದ ಹುಲ್ಲು ಹಾಸಿದ್ದರು. ಐದೂವರೆಯ ಹೊತ್ತು. ಮಂಜು ದಟ್ಟವಾಗಿತ್ತು. ಲಾರಿಯನ್ನು ಕಳುಹಿಸಿಕೊಡಲು ಮಕ್ಕಳೂ ಮುದುಕರೂ ಸುತ್ತ ನೆರೆದಿದ್ದರು.

ಕ್ಲೀನರ್ ಹುಡುಗನು ಉತ್ಸಾಹದಿಂದ ಸೆಲ್ಫ್ ಹೊಡೆದನು. ಯಂತ್ರವು ನರಳಿತೇ ಹೊರತು ಹೊತ್ತಲಿಲ್ಲ. ಮತ್ತೆ ಹೊಡೆದನು, ಬಿಡದೆ ಹೊಡೆದನು. ನರಳಾಟ ಕ್ರಮೇಣ ಕ್ಷೀಣಿಸಿತು. ಯಾರೋ ಒಬ್ಬರು ತಳ್ಳೋಣವೆಂದರು. ಮತ್ತೊಬ್ಬರು ಹೊಳೆಯ ಕಡೆಗೆ ಇಳಿಜಾರಿದೆ, ಗೇರಿನಲ್ಲಿ ಬಿಟ್ಟರೆ ತಾನೇ ಎದ್ದೀತೆಂದರು. ಅಷ್ಟರಲ್ಲಿ ಹುಡುಗನು ಹಳೆಯ ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ, ಎಣ್ಣೆಯ ತೊಟ್ಟಿಯನ್ನು ಕಾಯಿಸಲೆಂದು ಲಾರಿಯ ಅಡಿಗೆ ನುಸುಳಿ ಕಡ್ಡಿ ಗೀರಲು ಹೊರಟನು. ಆಗ ಚಾಲಕನು ಬಂದನು. ಅರವತ್ತರ ಹತ್ತಿರದ ಮನುಷ್ಯ, ಮೈಗೆ ಕಂಬಳಿ ಹೊದ್ದಿದ್ದನು. ಅವನ ಬಲಮುಂಗೈಯ ಮೇಲೆ ಬಹುಕಾಲದ ಹಿಂದಿನ ಸುಟ್ಟ ಕಲೆಯಿತ್ತು.

"ಏ ತಮ್ಮಾ, ಆ ಕಡ್ಡಿ ಕೆಳಗ ಇಡು. ಮ್ಯಾಲ ಹುಲ್ಲೈತಿ, ಸುತ್ತ ಸಣ್ಣ ಹುಡುಗ್ರು ಅದಾರ."

"ಮತ್ತೇನ್ ಮಾಡೂಣ ಕಾಕಾ? ಬ್ಯಾಟ್ರೀನೂ ಇಳೀತು."

"ನೀ ಹೊಡದಿದ್ದಕ್ಕ ಇಳೀತು. ಒಂದು ಇಪ್ಪತ್ತು ಮಿನಿಟು ಅದನ್ನ ಸುಮ್ನ ಬಿಡು. ಹೋಗಿ ಹಂಡ್ಯಾಗಿನ ಬಿಸಿನೀರು ಎರಡು ಕೊಡ ತಗೊಂಡ್ ಬಾ."

ಅವನು ಮಾಡಿದ್ದನ್ನು ನಾವು ಪಕ್ಕದಲ್ಲಿಯೇ ನಿಂತು ನೋಡಿದೆವು. ಮೊದಲು ಬಾನೆಟ್ ಎತ್ತಿ, ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಕೊಳವೆಯ ಉದ್ದಕ್ಕೂ ಬೆರಳಾಡಿಸಿದನು. ಒಂದು ಜೋಡಣೆಯ ಬಳಿ ಬೆರಳು ಒದ್ದೆಯಾಯಿತು. ಅಲ್ಲಿಯ ವಾಷರ್ ಸವೆದು, ರಾತ್ರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಗಾಳಿ ಒಳಹೊಕ್ಕು, ಕೊಳವೆಯ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿತ್ತು. ಪಂಪಿಗೆ ಇಂಧನವೇ ಬಾರದಿರುವಾಗ ನೂರು ಸಲ ಸೆಲ್ಫ್ ಹೊಡೆದರೂ ಫಲವೇನು? ಹೊಸ ವಾಷರ್ ಹಾಕಿ ಬಿಗಿದನು. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋದನು. ಮೊದಲು ಗುಳ್ಳೆ ಗುಳ್ಳೆಯಾಗಿ ನೊರೆ ಬಂದಿತು. ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ತಿರುಪನ್ನು ಮುಚ್ಚಿದನು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿಯ ಕಿಲುಬನ್ನು ಕೆರೆದು ಬಿಗಿಗೊಳಿಸಿದನು. ರೇಡಿಯೇಟರಿನ ತಣ್ಣೀರನ್ನು ಕೆಳಗಿನಿಂದ ಬಿಟ್ಟು, ಹಂಡೆಯ ಬಿಸಿನೀರನ್ನು ನಿಧಾನವಾಗಿ ಸುರಿದನು. ಕುದಿಯುವ ನೀರನ್ನು ಒಮ್ಮೆಲೇ ಸುರಿದರೆ ತಣ್ಣಗಿನ ಬೀಡುಕಬ್ಬಿಣ ಬಿರಿಯುವ ಭಯವುಂಟೆಂದು ಹುಡುಗನಿಗೆ ಹೇಳಿದನು.

ಬಳಿಕ ಕ್ಲಚ್ಚನ್ನು ಪೂರ್ತಿ ಒತ್ತಿ, ವೇಗದ ಪೆಡಲನ್ನು ಅರ್ಧ ತುಳಿದು, ಹತ್ತು ಎಣಿಸುವಷ್ಟು ಕಾಲ ಮಾತ್ರ ಸೆಲ್ಫ್ ಹೊಡೆದನು. ಹೊತ್ತಲಿಲ್ಲ. ಒಂದು ನಿಮಿಷ ಕೈಕಟ್ಟಿ ಕುಳಿತನು. ಎರಡನೆಯ ಸಲ ಒಂದು ಸಿಲಿಂಡರ್ ಸದ್ದು ಮಾಡಿತು, ಬಿಳಿಯ ಹೊಗೆ ಎದ್ದಿತು. ಮೂರನೆಯ ಸಲಕ್ಕೆ ಲಾರಿ ಎದ್ದಿತು. ತಾಯಂದಿರು ಕೈಮುಗಿದರು, ಮಕ್ಕಳು ಕೇಕೆ ಹಾಕಿದರು. ಅವನು ಮಾತ್ರ ಕೂಡಲೇ ಹೊರಡಲಿಲ್ಲ. ಎಣ್ಣೆಯ ಒತ್ತಡದ ಮುಳ್ಳು ಏರುವುದನ್ನೂ, ಬ್ರೇಕಿನ ಗಾಳಿಯ ಮುಳ್ಳು ತನ್ನ ಗುರುತಿಗೆ ಬರುವುದನ್ನೂ ನೋಡಿದ ಮೇಲೆಯೇ ಗೇರ್ ಹಾಕಿದನು.

"ಇಷ್ಟು ಚಳಿಯಲ್ಲಿ ನಿಮ್ಮ ಕಾಯಕ ಬಹಳ ಕಠಿಣವಪ್ಪಾ" ಎಂದು ನಾವು ಅಂದಾಗ ಅವನು ಕೊಟ್ಟ ಉತ್ತರವು ಇಂದಿಗೂ ನೆನಪಿದೆ. "ಚಳೀದು ತಪ್ಪಿಲ್ರಿ ಗುರುಗಳ. ಈ ರೋಗ ಬ್ಯಾಸಗ್ಯಾಗೂ ಇತ್ತು. ಆಗ ಕಾಣಲಿಲ್ಲ, ಈಗ ಕಂಡತು ಅಷ್ಟ."

ಬೆಂಕಿ, ಇಳಿಜಾರು, ಮುಚ್ಚಿದ ಕೊಟ್ಟಿಗೆ

ಆ ಚಾಲಕನ ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ. ನಮ್ಮ ಸೀಮೆಯ ಚಳಿ ಲಾರಿಗೆ ಹೊಸ ರೋಗವನ್ನು ತರುವಷ್ಟು ಕ್ರೂರವಲ್ಲ. ಅಡಗಿದ್ದ ರೋಗವನ್ನು ತೋರಿಸಿಕೊಡುವಷ್ಟು ಮಾತ್ರ ಅದರ ಬಲ. ರೋಗವನ್ನು ಹುಡುಕದೆ ಚಳಿಯೊಡನೆ ಬಲಾತ್ಕಾರದಿಂದ ಹೋರಾಡಲು ಹೋದಾಗಲೇ ಅನಾಹುತವಾಗುತ್ತದೆ.

ಲಾರಿಯ ಅಡಿಗೆ ಬೆಂಕಿ ಹಾಕುವ ರೂಢಿ ಅನೇಕ ಕಡೆ ಉಂಟು. ಹಳೆಯ ಯಂತ್ರದ ಅಡಿಭಾಗವು ಸೋರಿದ ಎಣ್ಣೆಯಿಂದಲೂ ಡೀಸೆಲ್‌ನಿಂದಲೂ ಜಿಡ್ಡುಗಟ್ಟಿರುತ್ತದೆ. ಅದರ ಮೇಲೆ ಹೊಟ್ಟು, ಹುಲ್ಲಿನ ಚೂರು ಅಂಟಿರುತ್ತದೆ. ಒಂದು ಕಿಡಿ ತಾಗಿದರೆ ವೈರುಗಳ ಮೂಲಕ ಕಟ್ಟಿಗೆಯ ಕ್ಯಾಬಿನ್ನಿಗೂ, ಅಲ್ಲಿಂದ ಹುಲ್ಲಿಗೂ ಬೆಂಕಿ ಏರಲು ಹೆಚ್ಚು ಹೊತ್ತು ಬೇಡ. ಸುಗ್ಗಿಯ ಕಾಲದಲ್ಲಿ ಪಕ್ಕದಲ್ಲಿಯೇ ಬಣವೆ, ಕಣ, ಮನೆಗಳಿರುತ್ತವೆ. ಗಾಳಿ ಒಳಹೋಗುವ ಕೊಳವೆಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸಿಂಪಡಿಸುವುದು ಇನ್ನೆರಡು ಅಪಾಯದ ಉಪಾಯಗಳು. ಇವು ಡೀಸೆಲ್‌ಗಿಂತ ಬೇಗ, ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಪಿಸ್ಟನ್ನು, ಉಂಗುರಗಳನ್ನು ಒಡೆಯಬಲ್ಲವು. ಹೀಟರ್ ಪ್ಲಗ್ ಇರುವ ಯಂತ್ರದಲ್ಲಿ ಈಥರ್ ಹೊಡೆದರೆ ಸ್ಫೋಟವಾಗುವುದೂ ಉಂಟು.

ಇಳಿಜಾರಿನಲ್ಲಿ ಬಿಟ್ಟು ಏಳಿಸುವ ಉಪಾಯವು ನಿರಪಾಯವೆಂದು ತೋರುತ್ತದೆ. ಅದೂ ಹಾಗಲ್ಲ. ಗಾಳಿಯ ಬಲದಿಂದ ನಡೆಯುವ ಬ್ರೇಕಿಗೆ ಯಂತ್ರ ನಡೆದಾಗಲೇ ಗಾಳಿ ತುಂಬುವುದು. ಹಳೆಯ ಲಾರಿಯ ಗಾಳಿಯು ರಾತ್ರಿಯಲ್ಲಿ ಸೋರಿಹೋಗಿರುತ್ತದೆ. ಯಂತ್ರ ಏಳದೆ ಲಾರಿ ಉರುಳಿದರೆ ಕಾಲಿನ ಕೆಳಗೆ ಬ್ರೇಕಿರುವುದಿಲ್ಲ. ಆನೆಗೊಂದಿಯಂಥ ಊರಿನಲ್ಲಿ ಇಳಿಜಾರೆಂದರೆ ಹೊಳೆಯ ದಾರಿ; ಆ ದಾರಿಯಲ್ಲಿ ನೀರಿಗೆ ಹೋಗುವ ಹೆಣ್ಣುಮಕ್ಕಳು, ಸ್ನಾನಕ್ಕೆ ಹೊರಟ ಯಾತ್ರಿಕರು. ಎತ್ತಿನ ಬಂಡಿಯ ಕಾಲಕ್ಕೆ ಕಟ್ಟಿದ ಕಲ್ಲಿನ ಬಾಗಿಲು, ಮಂಟಪಗಳಿಗೆ ಹತ್ತು ಟನ್ನಿನ ಭಾರ ಬಂದು ಬಡಿದರೆ ಆರುನೂರು ವರ್ಷ ಉಳಿದುದು ಒಂದು ಗಳಿಗೆಯಲ್ಲಿ ಹೋದೀತು. ತಳ್ಳುವವರಾದರೂ ಲಾರಿಯ ಮುಂದೆ ಇಲ್ಲವೆ ಚಕ್ರದ ಬಳಿ ಎಂದಿಗೂ ನಿಲ್ಲಬಾರದು.

ಮೂರನೆಯ ಅಪಾಯ ಕಣ್ಣಿಗೆ ಕಾಣದು. ಚಳಿಯೆಂದು ಕೊಟ್ಟಿಗೆಯ ಬಾಗಿಲು ಮುಚ್ಚಿ, ಒಳಗೆ ಲಾರಿಯನ್ನೋ ಟ್ರ್ಯಾಕ್ಟರನ್ನೋ ನಡೆಸುತ್ತ ಬಿಡುವವರಿದ್ದಾರೆ. ಆ ಹೊಗೆಯಲ್ಲಿ ವಿಷವಿದೆ. ಅಲ್ಲಿಯೇ ಮಲಗಿದ ಕ್ಲೀನರ್ ಹುಡುಗನಿಗೆ, ಕಟ್ಟಿದ ದನಗಳಿಗೆ ಪ್ರಾಣಕ್ಕೇ ಸಂಚಕಾರ. ಬಾಗಿಲು ತೆರೆದು, ವಾಹನವನ್ನು ಬಯಲಿಗೆ ತಂದೇ ಕಾಯಿಸಬೇಕು. ಎದ್ದ ಕೂಡಲೇ ಜೋರಾಗಿ ಗರ್ಜಿಸುವಂತೆ ಮಾಡುವುದೂ ಸಲ್ಲದು. ಮಂದವಾದ ಎಣ್ಣೆ ಇನ್ನೂ ಮೇಲಿನ ಭಾಗಗಳನ್ನು ಮುಟ್ಟಿರುವುದಿಲ್ಲ. ಹಾಗೆಂದು ಅರ್ಧ ತಾಸು ನಿಂತಲ್ಲೇ ನಡೆಸುತ್ತ ಓಣಿಯನ್ನೆಲ್ಲ ಹೊಗೆಯಿಂದ ತುಂಬಿಸಬೇಕಾದುದೂ ಇಲ್ಲ. ಎರಡು ಮೂರು ನಿಮಿಷ ಕಾದು, ಎಣ್ಣೆಯ ಮತ್ತು ಗಾಳಿಯ ಒತ್ತಡ ಸರಿಯಾದ ಮೇಲೆ, ಮೊದಲ ಹರದಾರಿಯನ್ನು ನಿಧಾನವಾಗಿ ನಡೆಸಿದರೆ ಸಾಕು.

ಹಿಂದಿನ ಸಂಜೆಯ ಕೆಲಸ

ಬಲ್ಲ ಚಾಲಕರು ಹೇಳುವ ಪ್ರಕಾರ ಬೆಳಗಿನ ಲಾರಿಯನ್ನು ಏಳಿಸುವುದು ಹಿಂದಿನ ಸಂಜೆಯಲ್ಲಿಯೇ. ನಾವು ಅವರಿಂದ ತಿಳಿದುದನ್ನು ಲಾರಿ, ಟ್ರ್ಯಾಕ್ಟರುಗಳಿರುವ ಮನೆತನಗಳ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ.

ಸಂಜೆಯೇ ಟ್ಯಾಂಕನ್ನು ತುಂಬಿಸಬೇಕು. ಅರ್ಧ ಖಾಲಿಯಾದ ಟ್ಯಾಂಕಿನ ಗಾಳಿಯಲ್ಲಿರುವ ತೇವವು ರಾತ್ರಿಯ ತಂಪಿಗೆ ಹನಿಯಾಗಿ ಡೀಸೆಲ್‌ಗೆ ಇಳಿಯುತ್ತದೆ. ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಆಗಾಗ ಬಿಡಬೇಕು. ಬ್ಯಾಟರಿಗೆ ಶುದ್ಧೋದಕವನ್ನೇ ಹಾಕಿ, ತುದಿಗಳನ್ನು ಒರೆಸಿ ತುಸು ವ್ಯಾಸಲೀನ್ ಸವರಬೇಕು. ಹೈಡ್ರೋಮೀಟರಿನಲ್ಲಿ ದ್ರವದ ಸಾಂದ್ರತೆ 1.24ರಿಂದ 1.28ರೊಳಗೆ ಇದ್ದರೆ ಬ್ಯಾಟರಿ ಪೂರ್ಣವಾಗಿದೆಯೆಂದು ತಿಳಿಯಬೇಕು; 1.20ಕ್ಕಿಂತ ತಗ್ಗಿದ್ದರೆ ಮುಂಜಾವಿನಲ್ಲಿ ಅದನ್ನು ನೆಚ್ಚುವಂತಿಲ್ಲ. ಚಳಿಗೂ ಬಿಸಿಗೂ ಹೊಂದುವ 15ಡಬ್ಲ್ಯು-40 ಬಗೆಯ ಎಣ್ಣೆಯು ಹಿಂದೆ ಬಳಸುತ್ತಿದ್ದ ಬರೀ 40ರ ಎಣ್ಣೆಗಿಂತ ತಂಪಿನಲ್ಲಿ ತೆಳುವಾಗಿರುತ್ತದೆ. ಆ ಯಂತ್ರಕ್ಕೆ ಹೊಂದುವುದೋ ಎಂಬುದನ್ನು ಮೆಸ್ತ್ರಿಯಿಂದ ಕೇಳಿಯೇ ಬದಲಾಯಿಸಬೇಕು.

ಲಾರಿಯನ್ನು ಸಮನೆಲದಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಖವನ್ನು ಮೂಡಲಿಗೆ ಮಾಡಿ ನಿಲ್ಲಿಸಿದರೆ ಎಳೆಬಿಸಿಲು ನೇರವಾಗಿ ಯಂತ್ರದ ಮೇಲೆ ಬೀಳುತ್ತದೆ. ಹಗಲೆಲ್ಲ ಕಾದ ಬಂಡೆಯ ಮಗ್ಗುಲು ಗದ್ದೆಯ ಬದಿಗಿಂತ ಬೆಚ್ಚಗಿರುತ್ತದೆ. ಯಂತ್ರ ಆರಿದ ಮೇಲೆ ಬಾನೆಟ್ಟಿನ ಮೇಲೂ ರೇಡಿಯೇಟರಿನ ಮುಂದೆಯೂ ಒಣ ಗೋಣಿತಟ್ಟು ಹೊದಿಸಬಹುದು. ಬೆಳಿಗ್ಗೆ ಅದನ್ನು ತೆಗೆಯಲು ಮರೆಯಬಾರದು. ಇಷ್ಟೆಲ್ಲ ಮಾಡಿಯೂ ಹತ್ತು ಹತ್ತು ಎಣಿಕೆಯ ನಾಲ್ಕು ಪ್ರಯತ್ನಗಳಲ್ಲಿ ಏಳದಿದ್ದರೆ ಐದನೆಯದನ್ನು ಮಾಡಬಾರದು. ಇಳಿದು, ಬಾನೆಟ್ ಎತ್ತಿ, ಕಾರಣವನ್ನು ಹುಡುಕಬೇಕು.

ಲಾರಿಯ ಯಜಮಾನರಾದ ಸದ್ಭಕ್ತರಿಗೆ ನಮ್ಮದೊಂದು ಮಾತು. ಮುಂಜಾವಿನಲ್ಲಿ ಲಾರಿ ಏಳದಿದ್ದಾಗ ಅನೇಕರು ಚಾಲಕನ ಮೇಲೆ, ಕ್ಲೀನರ್ ಹುಡುಗನ ಮೇಲೆ ಸಿಟ್ಟಾಗುತ್ತಾರೆ. ಆ ಸಿಟ್ಟಿಗೆ ಅಂಜಿಯೇ ಹುಡುಗರು ಕಡ್ಡಿ ಗೀರುವುದು, ಇಳಿಜಾರಿಗೆ ಬಿಡುವುದು. ಒಂದು ವಾಷರಿನ ಬೆಲೆ ಕೆಲವೇ ರೂಪಾಯಿ. ಬ್ಯಾಟರಿಯ ಬೆಲೆ ಹೆಚ್ಚೆನಿಸಬಹುದು. ಆದರೂ ಅದು ಒಂದು ಸುಟ್ಟ ಕೈಗಿಂತ, ಒಂದು ಸುಟ್ಟ ಬಣವೆಗಿಂತ ಅಗ್ಗ. ಸುಗ್ಗಿಗೆ ಮುಂಚೆ ಎತ್ತಿನ ಕಾಲಿಗೆ ಲಾಳ ಕಟ್ಟಿಸುತ್ತಿದ್ದ ನಮ್ಮ ಹಿರಿಯರಂತೆ, ದೀಪಾವಳಿ ಕಳೆದ ಕೂಡಲೇ ಲಾರಿಯನ್ನು ಮೆಸ್ತ್ರಿಯ ಬಳಿಗೆ ಕಳುಹಿಸಿ ಇವುಗಳನ್ನು ಸರಿಪಡಿಸಿಕೊಳ್ಳುವುದು ಯಜಮಾನನ ಧರ್ಮ.

ಹಂಪೆ, ಆನೆಗೊಂದಿಗಳಿಗೆ ಚಳಿಗಾಲದಲ್ಲಿ ಯಾತ್ರೆ ಮಾಡುವವರು ಒಂದು ದಿನವಾದರೂ ಸೂರ್ಯೋದಯಕ್ಕೆ ಮುಂಚೆ ಎದ್ದು ಗಂಗಾವತಿಯ ದಾರಿಯಲ್ಲಿ ನಡೆಯಲಿ. ಹೊಳೆಯ ಮೇಲೆ ಮಂಜು, ಗದ್ದೆಯಲ್ಲಿ ಕೊಯ್ದ ಭತ್ತದ ವಾಸನೆ, ಬಂಡೆಯ ಮೇಲೆ ಮೊದಲ ಕೆಂಬೆಳಕು ಕಾಣುವುವು. ಅಲ್ಲಲ್ಲಿ ಕಂಬಳಿ ಹೊದ್ದ ಚಾಲಕರು ಬಾನೆಟ್ಟಿನೊಳಗೆ ಬಗ್ಗಿ ಕೈಪಂಪು ಒತ್ತುತ್ತಿರುತ್ತಾರೆ. ಅವರಿಗೆ ಶರಣು ಹೇಳಿ ಮುಂದೆ ನಡೆಯಿರಿ. ಯಾವ ಊರಿನಿಂದ ಬಂದವರಾದರೂ ನೀವು ಆ ಮಧ್ಯಾಹ್ನ ಉಣ್ಣುವ ಅಕ್ಕಿಯು ಇಂಥದೊಂದು ಬೆಳಗಿನಲ್ಲಿ, ಇಂಥವರ ತಾಳ್ಮೆಯಿಂದಲೇ ಹೊರಟುಬಂದುದಾಗಿದೆ.